ಬಿಸಿಗಿಂತ ತಂಪೇ ಹೆಚ್ಚು ಕಾಡಿತು: ಒಂದು ಆಯಿಲ್ ಕೂಲರ್ ಪ್ರಕರಣ

ಕಾರಿನ ಮಾಲೀಕರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಕಾರಿನ ಕಂಪನಿ, ಟ್ರ್ಯಾಕಿನ ಹೆಸರು ಯಾವುದೂ ಇಲ್ಲಿಲ್ಲ. ಅವು ಬೇಕಾಗಿಯೂ ಇಲ್ಲ. ಇಂಥದ್ದು ಯಾವ ಟರ್ಬೊ ಕಾರಿಗಾದರೂ ಆಗಬಹುದು. ಇದರಲ್ಲಿ ಎರಡು ತಪ್ಪು ನಮ್ಮ ವರ್ಕ್‌ಶಾಪಿನವು. ಅವನ್ನು ಮುಚ್ಚಿಟ್ಟರೆ ಬರೆದು ಪ್ರಯೋಜನವಿಲ್ಲ.

ಕಾರು, ಮೊದಲ ದೂರು

ನಾಲ್ಕು ಸಿಲಿಂಡರಿನ 2 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್, ಡೈರೆಕ್ಟ್ ಇಂಜೆಕ್ಷನ್ ಬಗೆಯದು. ವಾರವೆಲ್ಲ ಆಫೀಸಿಗೆ ಓಡಾಟ, ಒಂದು ಕಡೆಗೆ ಸುಮಾರು 12 ಕಿಲೋಮೀಟರ್. ತಿಂಗಳಿಗೊಂದು ಸಲ ಟ್ರ್ಯಾಕ್. ಮಾಲೀಕರಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ಆಯಿಲ್ ತಾಪಮಾನ, ಆಯಿಲ್ ಪ್ರೆಶರ್, ನೀರಿನ ತಾಪಮಾನ, ಹೊರಗಿನ ಹವೆಯ ತಾಪಮಾನ ಎಲ್ಲವನ್ನೂ ಲಾಗರ್‌ನಲ್ಲಿ ಉಳಿಸಿಕೊಳ್ಳುತ್ತಿದ್ದರು. ಆ ಲಾಗ್ ಇರದಿದ್ದರೆ ಈ ಕಥೆ ಇಂಜಿನ್ ಸೀಜ್ ಆಗುವಲ್ಲಿಗೆ ಮುಗಿಯುತ್ತಿತ್ತೇನೋ.

ಮೊದಲ ದೂರು ಸರಳವಾಗಿತ್ತು. ಟ್ರ್ಯಾಕಿನಲ್ಲಿ ಐದನೇ ಲ್ಯಾಪ್ ಹೊತ್ತಿಗೆ ಆಯಿಲ್ 136 ಡಿಗ್ರಿ ಮುಟ್ಟುತ್ತಿತ್ತು. 6000 ಆರ್‌ಪಿಎಂನಲ್ಲಿ, ಆಯಿಲ್ 100 ಡಿಗ್ರಿ ಇದ್ದಾಗ 4.8 ಬಾರ್ ಇರುತ್ತಿದ್ದ ಪ್ರೆಶರ್ 3.7ಕ್ಕೆ ಇಳಿಯುತ್ತಿತ್ತು.

ಆಯಿಲ್ ಅಷ್ಟು ಯಾಕೆ ಕಾಯುತ್ತದೆ? ನೀರು ಹೋಗಲಾಗದ ಜಾಗಕ್ಕೆಲ್ಲ ಆಯಿಲ್ ಹೋಗುತ್ತದೆ. ಪಿಸ್ಟನ್ನಿನ ತಳಕ್ಕೆ ಸಣ್ಣ ಜೆಟ್‌ಗಳು ಆಯಿಲ್ ಚಿಮ್ಮಿಸುತ್ತವೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೊ ಶಾಫ್ಟ್ ಆಯಿಲ್ ಮೇಲೆ ತೇಲಿಕೊಂಡೇ ತಿರುಗುತ್ತದೆ. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಶಾಫ್ಟಿನ ಬೇರಿಂಗ್‌ಗಳದ್ದೂ ಅದೇ ಕಥೆ. ಅಲ್ಲಿನ ಶಾಖವನ್ನೆಲ್ಲ ಹೊತ್ತು ತಂದು ಸಂಪ್‌ಗೆ, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಗೆ, ಹಾಕುವುದು ಆಯಿಲ್ಲೇ. ಕಾದಷ್ಟೂ ಅದು ತೆಳ್ಳಗಾಗುತ್ತದೆ. ಇವರು ಬಳಸುತ್ತಿದ್ದ 5ಡಬ್ಲ್ಯು-40 ದರ್ಜೆಯ ಆಯಿಲ್ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ಗಟ್ಟಿ ಎಂಬುದರ ಅಳತೆ) ಒಳಗೆ ಇರಬೇಕು. 136 ಡಿಗ್ರಿಯಲ್ಲಿ ಅದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿರುತ್ತದೆ.

ಈ ಕಾರಿಗೆ ಕಂಪನಿಯಿಂದಲೇ ಒಂದು ಸಣ್ಣ ಹೀಟ್ ಎಕ್ಸ್‌ಚೇಂಜರ್ ಬಂದಿತ್ತು. ಆಯಿಲ್ ಫಿಲ್ಟರಿನ ಮೇಲೆ ಕೂರುವ ಡಬ್ಬಿ ಅದು. ಒಂದು ಪದರದಲ್ಲಿ ಆಯಿಲ್, ಪಕ್ಕದ ಪದರದಲ್ಲಿ ರೇಡಿಯೇಟರ್ ನೀರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀರು ಬೇಗ ಬಿಸಿಯಾಗುತ್ತದೆ, ಆ ಬಿಸಿಯನ್ನು ಆಯಿಲ್‌ಗೂ ದಾಟಿಸುತ್ತದೆ. ಆಯಿಲ್ ಜಾಸ್ತಿ ಕಾದರೆ ಶಾಖ ನೀರಿನ ಕಡೆಗೆ ಹರಿಯುತ್ತದೆ. ಜಾಣ ಏರ್ಪಾಡೇ. ಆದರೆ ಟ್ರ್ಯಾಕಿನಲ್ಲಿ ನೀರೇ 100 ಡಿಗ್ರಿ ದಾಟಿದಾಗ ಅದು ಆಯಿಲ್ಲಿಗೆ ಏನು ತಂಪು ಕೊಟ್ಟೀತು?

ಮೊದಲ ನಿರ್ಧಾರ: ದೊಡ್ಡದೇ ಇರಲಿ

ಮಾಲೀಕರು ನಮ್ಮ ಹತ್ತಿರ ಬರುವ ಮೊದಲೇ ಬೇರೆ ಕಡೆ ಕೆಲಸ ಮಾಡಿಸಿದ್ದರು. ಬಂಪರಿನ ಕೆಳಗಿನ ಗ್ರಿಲ್ ಹಿಂದೆ 25 ಸಾಲು ಕೊಳವೆಗಳ ಗಾಳಿ ಕೂಲರ್, ಅಂದರೆ ಆಯಿಲ್ಲನ್ನು ಹೊರಗಿನ ಗಾಳಿಯಿಂದ ತಣಿಸುವ ಪುಟ್ಟ ರೇಡಿಯೇಟರ್. ಕಂಪನಿಯ ಎಕ್ಸ್‌ಚೇಂಜರ್ ತೆಗೆದು ಆ ಜಾಗಕ್ಕೆ ಒಂದು ಸ್ಯಾಂಡ್‌ವಿಚ್ ಪ್ಲೇಟ್. ಇಂಜಿನ್ ಮತ್ತು ಫಿಲ್ಟರಿನ ನಡುವೆ ಕೂತು ಆಯಿಲ್ಲನ್ನು ಹೋಸ್ ಮೂಲಕ ಕೂಲರಿಗೆ ಕಳಿಸಿ ವಾಪಸ್ ತರುವ ಬಿಲ್ಲೆ ಅದು. ಥರ್ಮೋಸ್ಟಾಟ್ ಇಲ್ಲದ್ದನ್ನೇ ಬೇಕೆಂದು ಆರಿಸಿದ್ದರು. "ಥರ್ಮೋಸ್ಟಾಟೇ ಇಲ್ಲದಿದ್ದರೆ ಕೆಡೋದಕ್ಕೆ ಏನೂ ಇಲ್ಲ ಅಲ್ವಾ?" ಎನ್ನುವುದು ಅವರ ವಾದ.

ಇದನ್ನು ದಡ್ಡತನ ಎಂದು ತಳ್ಳಿಹಾಕಲಾಗದು. ಆಯಿಲ್ ಥರ್ಮೋಸ್ಟಾಟಿನ ಒಳಗೆ ಒಂದು ಪುಟ್ಟ ಮೇಣದ ಗುಳಿಗೆ ಇರುತ್ತದೆ. ಸುಮಾರು 80 ಡಿಗ್ರಿಗೆ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ತಳ್ಳುತ್ತದೆ. ಕಡ್ಡಿ ತಳ್ಳಿದ ಕವಾಟ ಹತ್ತಿರದ ದಾರಿಯನ್ನು ಮುಚ್ಚುತ್ತದೆ. ಆಗ ಆಯಿಲ್ ಕೂಲರ್ ಸುತ್ತಿಕೊಂಡು ಬರಲೇಬೇಕು. ತಣ್ಣಗಾದರೆ ಸ್ಪ್ರಿಂಗ್ ಕವಾಟವನ್ನು ಹಿಂದಕ್ಕೆ ತಳ್ಳುತ್ತದೆ, ಹತ್ತಿರದ ದಾರಿ ಮತ್ತೆ ತೆರೆಯುತ್ತದೆ. ಮೇಣ ಸೋರಿಹೋದರೆ ಕವಾಟ ತಣ್ಣನೆಯ ಸ್ಥಾನದಲ್ಲೇ ನಿಂತುಬಿಡುತ್ತದೆ. ಕೂಲರ್ ಇದ್ದೂ ಇಲ್ಲದಂತೆ. ಟ್ರ್ಯಾಕಿಗೆ ಹೋಗುವವರಿಗೆ ಈ ಭಯ ಸಹಜ.

ಮೊದಲ ಟ್ರ್ಯಾಕ್ ದಿನ ಫಲಿತಾಂಶ ಸೊಗಸಾಗಿತ್ತು. ಇಡೀ ಸೆಷನ್ ಮುಗಿದರೂ ಆಯಿಲ್ 118 ದಾಟಲಿಲ್ಲ, ಪ್ರೆಶರ್ 4.3 ಬಾರ್. ಅವತ್ತು ಹೊರಗಿನ ಹವೆ 18 ಡಿಗ್ರಿ ಇತ್ತು. ಆ ಅಂಕಿಯನ್ನು ಯಾರೂ ಗಮನಿಸಲಿಲ್ಲ. ಮುಂದೆ ಅದೇ ದೊಡ್ಡ ವಿಷಯವಾಯಿತು.

ಏರುತ್ತಿದ್ದ ಡಿಪ್‌ಸ್ಟಿಕ್

ಎರಡೂವರೆ ತಿಂಗಳ ನಂತರ ಅವರು ನಮ್ಮಲ್ಲಿಗೆ ಬಂದದ್ದು ಬೇರೆಯೇ ದೂರು ಹೊತ್ತು. ಆಯಿಲ್ ಲೆವೆಲ್ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತಿದೆ! ಲೆವೆಲ್ ಅಳೆಯುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು, ಮೂಸಿ ನೋಡಿದರೆ ಪೆಟ್ರೋಲ್ ವಾಸನೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆಯ ನೊರೆಯಂಥ ಬಿಳಿ ಜಿಡ್ಡು.

ಬಿಳಿ ಜಿಡ್ಡು ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು (ಕೂಲೆಂಟ್) ಆಯಿಲ್ಲಿಗೆ ಸೇರಿದೆ ಎಂದು ಹೆದರುವವರು ಬಹಳ. ನಾವೂ ಮೊದಲು ಅದನ್ನೇ ನೋಡಿದೆವು. ಕೂಲೆಂಟ್ ಕಡಿಮೆಯಾಗಿರಲಿಲ್ಲ, ಪ್ರೆಶರ್ ಟೆಸ್ಟ್ ಸರಿ ಬಂತು. ಆಮೇಲೆ ಲಾಗ್ ತೆರೆದೆವು. ಆಫೀಸ್ ಓಡಾಟದಲ್ಲಿ ಆಯಿಲ್ ತಾಪಮಾನ 62ರಿಂದ 66 ಡಿಗ್ರಿ. ಒಂದು ದಿನವೂ 70 ಮುಟ್ಟಿರಲಿಲ್ಲ.

ಉತ್ತರ ಅಲ್ಲೇ ಇತ್ತು. ತಣ್ಣನೆಯ ಇಂಜಿನ್‌ಗೆ ಜಾಸ್ತಿ ಪೆಟ್ರೋಲ್ ಬೇಕು. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಅದರ ಒಂದಷ್ಟು ಸಿಲಿಂಡರ್ ಗೋಡೆಗೆ ಬಡಿದು, ರಿಂಗ್ ದಾಟಿ ಸಂಪ್‌ಗೆ ಇಳಿಯುತ್ತದೆ. ಉರಿದ ಗಾಳಿಯ ಜೊತೆ ನೀರಿನ ಆವಿಯೂ ಇಳಿಯುತ್ತದೆ. ಎಲ್ಲ ಇಂಜಿನ್ನಿನಲ್ಲೂ ಇದು ಸ್ವಲ್ಪ ಇದ್ದದ್ದೇ. ಆಯಿಲ್ 90, 100 ಡಿಗ್ರಿ ಮುಟ್ಟಿ ಒಂದಷ್ಟು ಹೊತ್ತು ಅಲ್ಲೇ ನಿಂತರೆ ಇವೆರಡೂ ಆವಿಯಾಗಿ ಬ್ರೀದರ್ ಕೊಳವೆಯ ಮೂಲಕ ಹೊರಟುಹೋಗುತ್ತವೆ. 64 ಡಿಗ್ರಿಯಲ್ಲಿ ಎಲ್ಲಿಗೂ ಹೋಗುವುದಿಲ್ಲ, ದಿನಾ ಸೇರಿಕೊಳ್ಳುತ್ತಲೇ ಹೋಗುತ್ತವೆ.

ಆಯಿಲ್ಲನ್ನು ಲ್ಯಾಬಿಗೆ ಕಳಿಸಿದೆವು. 40ರ ದರ್ಜೆಯ ಆಯಿಲ್ ಈಗ 30ರ ದರ್ಜೆಯ ಮಟ್ಟಕ್ಕೆ ತೆಳ್ಳಗಾಗಿತ್ತು. ಅಂದರೆ ಇದೇ ಆಯಿಲ್ಲಿನಲ್ಲಿ ಟ್ರ್ಯಾಕಿಗೆ ಹೋದರೆ, ಗೇಜ್ ಒಳ್ಳೆಯ ತಾಪಮಾನ ತೋರಿಸುತ್ತಿದ್ದರೂ ಬೇರಿಂಗ್ ಪಾಲಿಗೆ ಅದು ಅಪಾಯದ ಆಯಿಲ್. ಕೂಲರ್ ಹಾಕಿಸಿದ್ದು ಬೇರಿಂಗ್ ಉಳಿಸಲು, ಈಗ ಬೇರಿಂಗಿಗೆ ಕುತ್ತು ತರುತ್ತಿದ್ದದ್ದೂ ಕೂಲರೇ.

ರಟ್ಟಿನ ತುಂಡು

ಆಯಿಲ್, ಫಿಲ್ಟರ್ ಬದಲಿಸಿದೆವು. ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ ತರಿಸಲು ಎರಡು ವಾರ ಬೇಕಿತ್ತು. ಅಲ್ಲಿಯತನಕ ಏನು ಮಾಡುವುದು? ಕೂಲರ್ ಮುಂದೆ ರಟ್ಟು ಇಟ್ಟು ಟೇಪ್ ಸುತ್ತಿ ಎಂದು ಹೇಳಿದವನು ನಾನೇ. ಹಳೆಯ ಉಪಾಯ. ರಸ್ತೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು, ಆಯಿಲ್ 85ಕ್ಕೆ ಬಂತು.

ಹತ್ತನೇ ದಿನ ಅವರು ಟ್ರ್ಯಾಕಿಗೆ ಹೋದರು. ರಟ್ಟು ತೆಗೆಯುವುದು ಮರೆತರು. ಮೂರನೇ ಲ್ಯಾಪಿಗೆ 142 ಡಿಗ್ರಿ.

ತಪ್ಪು ಅವರದು ಎಂದು ಸುಲಭವಾಗಿ ಹೇಳಬಹುದು. ಆದರೆ ಬಂಪರಿನ ಒಳಗೆ ಕಣ್ಣಿಗೆ ಕಾಣದ ಹಾಗೆ ರಟ್ಟು ಇಡಿಸಿ, ಸ್ಟೀರಿಂಗ್ ಮೇಲೆ ಒಂದು ಚೀಟಿ ಅಂಟಿಸಬೇಕು ಎಂದು ನಮಗೆ ಹೊಳೆಯಲಿಲ್ಲ. ಇದು ನಮ್ಮ ಮೊದಲ ತಪ್ಪು. ಎರಡನೆಯದು ಇನ್ನೂ ದೊಡ್ಡದು. ಕಾರು ವಾಪಸ್ ಬಂದಾಗ ಆಯಿಲ್ ಬದಲಿಸಿದೆವು, ಹಳೆಯ ಫಿಲ್ಟರನ್ನು ಹಾಗೇ ಕಸಕ್ಕೆ ಎಸೆದೆವು. ಕತ್ತರಿಸಿ ನೋಡಲಿಲ್ಲ.

ಥರ್ಮೋಸ್ಟಾಟ್ ಬಂತು, ಜಗಳವೂ ಬಂತು

ಈ ಸಲ ಕಂಪನಿಯ ಎಕ್ಸ್‌ಚೇಂಜರನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿ, ಅದರ ಕೆಳಗೆ ಥರ್ಮೋಸ್ಟಾಟ್ ಪ್ಲೇಟ್, ಅದರ ಕೆಳಗೆ ಫಿಲ್ಟರ್ ಹಾಕಿದೆವು. ಫಿಲ್ಟರ್ ಸ್ವಲ್ಪ ಕೆಳಗೆ ಇಳಿಯಿತು. ಸಬ್‌ಫ್ರೇಮ್ (ಇಂಜಿನ್ ಕೆಳಗಿನ ಚೌಕಟ್ಟು) ಮಟ್ಟಕ್ಕಿಂತ ಮೇಲೇ ಇದ್ದುದರಿಂದ ಒಪ್ಪಿಕೊಂಡೆವು.

ಇಲ್ಲೊಂದು ಮಾತು. ಈ ಪ್ಲೇಟ್ ನೀರಿನ ಥರ್ಮೋಸ್ಟಾಟಿನ ಹಾಗೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತಣ್ಣಗಿರುವಾಗಲೂ ಒಂದು ಸಣ್ಣ ಪಾಲು ಆಯಿಲ್ ಕೂಲರಿಗೆ ಹೋಗುತ್ತಲೇ ಇರುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಕೂಲರಿನಲ್ಲಿ ಗಾಳಿ ಸಿಕ್ಕಿಕೊಳ್ಳಬಾರದು, ಕವಾಟ ತೆರೆದ ಕ್ಷಣ ಲೀಟರುಗಟ್ಟಲೆ ತಣ್ಣನೆ ಗಟ್ಟಿ ಆಯಿಲ್ ಒಮ್ಮೆಲೇ ಬೇರಿಂಗಿಗೆ ನುಗ್ಗಲೂಬಾರದು. ಕೂಲರ್ ಸ್ವಲ್ಪ ಬೆಚ್ಚಗಿದೆ ಎಂದು ಥರ್ಮೋಸ್ಟಾಟ್ ಕೆಟ್ಟಿದೆ ಎಂದು ತಿಳಿಯಬೇಡಿ. ಕೂಲರನ್ನು ಹೋಸ್ ಬಾಯಿಗಳು ಮೇಲಕ್ಕೆ ಬರುವಂತೆ ಕೂರಿಸಿದ್ದೂ ಗಾಳಿ ಹೊರಹೋಗಲಿ ಎಂದೇ. ಕೂಲರ್, ಹೋಸ್ ಎರಡೂ ಸೇರಿ ಮುಕ್ಕಾಲು ಲೀಟರ್ ಆಯಿಲ್ ಹೆಚ್ಚು ಹಿಡಿಯಿತು. ಇಂಜಿನ್ ಓಡಿಸಿ, ನಿಲ್ಲಿಸಿ, ಮತ್ತೆ ಅಳೆದೇ ಅದನ್ನು ತುಂಬಿದೆವು.

ರಸ್ತೆಯಲ್ಲಿ ಆಯಿಲ್ ಈಗ 90 ಡಿಗ್ರಿಯ ಆಸುಪಾಸು. ಲೆವೆಲ್ ಏರುವುದು ನಿಂತಿತು. ಎಲ್ಲರೂ ಖುಷಿ.

ಆಮೇಲೆ ಟ್ರ್ಯಾಕ್. 131 ಡಿಗ್ರಿ.

"ನಾನು ಮೊದಲೇ ಹೇಳಿರಲಿಲ್ವಾ? ಬರೀ ಕೂಲರ್ ಇದ್ದಾಗ 118 ಇತ್ತು. ನೀವು ಥರ್ಮೋಸ್ಟಾಟ್ ಹಾಕಿದಿರಿ, 131 ಆಯಿತು." ಅವರ ಕೋಪದಲ್ಲಿ ತರ್ಕ ಇತ್ತು. ಅವರ ಲೆಕ್ಕದಲ್ಲಿ ಬದಲಾದದ್ದು ಒಂದೇ ಭಾಗ, ಹಾಗಾಗಿ ಕಾರಣವೂ ಅದೇ. ನನಗೂ ಅನುಮಾನ ಬಂತು ಎಂದು ಒಪ್ಪಿಕೊಳ್ಳಬೇಕು.

ಪ್ಲೇಟ್ ಬಿಚ್ಚಿ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಥರ್ಮಾಮೀಟರ್ ಇಟ್ಟು, ನಿಧಾನಕ್ಕೆ ಕಾಯಿಸಿದೆವು. 80 ದಾಟುತ್ತಲೇ ಕವಾಟ ಸರಿಯತೊಡಗಿತು, 90 ದಾಟಿದ ಸ್ವಲ್ಪದರಲ್ಲೇ ಪೂರ್ತಿ ಕೂತಿತು. ತಣ್ಣಗಾದಾಗ ವಾಪಸ್ ಬಂತು. ಮೂರು ಸಲ ಮಾಡಿದರೂ ಅದೇ. ಥರ್ಮೋಸ್ಟಾಟ್ ಸರಿಯಾಗಿಯೇ ಇದೆ. ಹಾಗಾದರೆ ಆ 13 ಡಿಗ್ರಿ ಬಂದದ್ದೆಲ್ಲಿಂದ?

ಉತ್ತರ ಸಿಕ್ಕಿದ್ದು ಸ್ಪ್ಯಾನರಿನಿಂದ ಅಲ್ಲ, ಕಳೆಯುವ ಲೆಕ್ಕದಿಂದ. ಎರಡೂ ದಿನಗಳ ಲಾಗ್ ಪಕ್ಕಪಕ್ಕ ಇಟ್ಟು ಸುಮ್ನೆ ನೋಡುತ್ತಿದ್ದಾಗ ಹೊರಗಿನ ಹವೆಯ ಸಾಲು ಕಣ್ಣಿಗೆ ಬಿತ್ತು. ಮೊದಲ ದಿನ 18 ಡಿಗ್ರಿ, ಈ ದಿನ 33. ಮೊದಲ ದಿನ ಆಯಿಲ್ ಹವೆಗಿಂತ 100 ಡಿಗ್ರಿ ಮೇಲಿತ್ತು. ಈ ದಿನ 98. ಕೂಲರ್ ಒಂದು ಚೂರೂ ಕೆಟ್ಟಿರಲಿಲ್ಲ. ಬದಲಾದದ್ದು ಹವಾಮಾನ! ಗಾಳಿ ಕೂಲರ್ ಶಾಖ ಬಿಡುವುದು ಆಯಿಲ್ ಮತ್ತು ಹವೆಯ ನಡುವಿನ ಅಂತರದ ಮೇಲೆ. ಹವೆ 15 ಡಿಗ್ರಿ ಏರಿದರೆ ಆಯಿಲ್ಲೂ ಸರಿಸುಮಾರು ಅಷ್ಟೇ ಏರಿ ಕೂರುತ್ತದೆ. ಅಂದಿನಿಂದ ನಾವು ಆಯಿಲ್ ತಾಪಮಾನವನ್ನು ಒಂಟಿಯಾಗಿ ಬರೆಯುವುದನ್ನೇ ಬಿಟ್ಟಿದ್ದೇವೆ. ಪಕ್ಕದಲ್ಲಿ ಹವೆ ಬರೆದಿರಲೇಬೇಕು.

ಅಂದರೆ 25 ಸಾಲಿನ ಕೂಲರ್ ಮೊದಲ ದಿನವೂ ಅಷ್ಟೇನೂ ಚೆನ್ನಾಗಿ ಕೆಲಸ ಮಾಡಿರಲಿಲ್ಲ. ತಂಪು ದಿನ ಅದರ ಮಾನ ಕಾಪಾಡಿತ್ತು.

ಗಾಳಿ ಎಲ್ಲಿ ಹೋಗುತ್ತಿತ್ತು

ಮುಂದಿನ ಸಲ ನಾವೂ ಟ್ರ್ಯಾಕಿಗೆ ಹೋದೆವು. ಕಾರು ಪಿಟ್‌ಗೆ ಬಂದ ಕೂಡಲೇ ಇನ್‌ಫ್ರಾರೆಡ್ ಗನ್ ಹಿಡಿದು ಕೂಲರ್ ಮೈಯನ್ನೆಲ್ಲ ಅಳೆದೆವು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಗನ್ ಸುಳ್ಳು ಹೇಳುತ್ತದೆ, ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಅದಕ್ಕೇ ಮೊದಲೇ ಅಲ್ಲಲ್ಲಿ ಹೊಳಪಿಲ್ಲದ ಕಪ್ಪು ಟೇಪ್ ಅಂಟಿಸಿಟ್ಟಿದ್ದೆವು.

ಕೂಲರ್ ಈ ತುದಿಯಿಂದ ಆ ತುದಿಯವರೆಗೂ ಸುಡುತ್ತಿತ್ತು. ಥರ್ಮೋಸ್ಟಾಟ್ ತೆರೆಯದಿದ್ದರೆ ಕೂಲರ್ ಉಗುರುಬೆಚ್ಚಗೆ ಇರಬೇಕಿತ್ತು. ಇಡೀ ಕೂಲರ್ ಬಿಸಿ ಎಂದರೆ ಆಯಿಲ್ ಧಾರಾಳವಾಗಿ ಬರುತ್ತಿದೆ, ಶಾಖ ಒಯ್ಯಲು ಗಾಳಿ ಬರುತ್ತಿಲ್ಲ. ಆಮೇಲೆ ಕೂಲರಿಗೆ ಹೋಗುವ, ಬರುವ ಹೋಸ್‌ಗಳಲ್ಲಿ ಒಂದೊಂದು ಸೆನ್ಸರ್ ಕೂರಿಸಿ ಓಡಿಸಿದೆವು. ವ್ಯತ್ಯಾಸ ಬರೀ 7 ಡಿಗ್ರಿ. ನಿಮಿಷಕ್ಕೆ 30 ಲೀಟರ್ ಆಯಿಲ್ ಹರಿಯುತ್ತಿದೆ ಎಂದುಕೊಂಡರೆ ಪ್ರತಿ ಡಿಗ್ರಿ ಇಳಿಕೆಗೆ ಸುಮಾರು 0.9 ಕಿಲೋವಾಟ್ ಶಾಖ ಹೊರಹೋಗುತ್ತದೆ. ಅಷ್ಟು ದೊಡ್ಡ ಕೂಲರ್ ಹೊರಹಾಕುತ್ತಿದ್ದದ್ದು ಆರು ಕಿಲೋವಾಟ್ ಚಿಲ್ಲರೆ.

ಬಂಪರಿನ ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಗೊತ್ತಾಯಿತು. ಗ್ರಿಲ್ ಮತ್ತು ಕೂಲರ್ ನಡುವೆ ಒಂದು ಗೇಣು ಖಾಲಿ ಜಾಗ. ಗಾಳಿಗೂ ಸೋಮಾರಿತನ ಉಂಟು. ಎಡ, ಬಲ, ಮೇಲೆ ಎಲ್ಲ ತೆರೆದಿರುವಾಗ ಒತ್ತೊತ್ತಾದ ಫಿನ್‌ಗಳ ನಡುವೆ ಅದು ಯಾಕೆ ನುಸುಳೀತು? ಕೂಲರಿನ ಹಿಂದೆ ಚಕ್ರದ ಗೂಡಿನ ಪ್ಲಾಸ್ಟಿಕ್ ಗೋಡೆ ಬೇರೆ. ಒಳಗೆ ಬಂದ ಗಾಳಿಗೂ ಹೊರದಾರಿ ಇಲ್ಲ.

ಅಲ್ಯೂಮಿನಿಯಂ ಹಾಳೆ ಮಡಿಸಿ ಗ್ರಿಲ್‌ನಿಂದ ಕೂಲರಿನ ಅಂಚಿನವರೆಗೆ ಗಾಳಿಕೊಳವೆ ಮಾಡಿದೆವು. ಸಂದುಗಳಿಗೆಲ್ಲ ಫೋಮ್. ಚಕ್ರದ ಗೂಡಿನ ಗೋಡೆಯಲ್ಲಿ ಸೀಳು ಕಿಂಡಿಗಳು. ಎರಡು ದಿನದ ಕೆಲಸ, ಕೊಂಡುಕೊಂಡ ಭಾಗ ಬಹುತೇಕ ಏನೂ ಇಲ್ಲ. ಮತ್ತೆ 33 ಡಿಗ್ರಿ ಹವೆಯ ದಿನವೇ ಓಡಿಸಿದಾಗ ಆಯಿಲ್ 117ಕ್ಕೆ ನಿಂತಿತು. ಹವೆಗಿಂತ 84 ಮೇಲೆ. ಹೋಸ್‌ಗಳ ನಡುವಿನ ವ್ಯತ್ಯಾಸ 7ರಿಂದ 11 ಡಿಗ್ರಿಗೆ ಏರಿತು. ಎಕ್ಸ್‌ಚೇಂಜರ್ ಮೇಲಿನ ಹೊರೆ ಇಳಿದು ನೀರೂ ಸ್ವಲ್ಪ ತಂಪಾಯಿತು.

ಈ ಕೆಲಸವನ್ನು ಮೊದಲ ದಿನವೇ ಮಾಡಬಹುದಿತ್ತು. ಕೂಲರ್ ಕೊಳ್ಳುವಾಗ ಎಲ್ಲರೂ ಸಾಲು ಎಣಿಸುತ್ತಾರೆ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ.

ಅರ್ಧ ಬಾರಿನಷ್ಟು ಕೊರತೆ

ಕಾರನ್ನು ಒಪ್ಪಿಸಿ ಬಿಲ್ ಬರೆಯುವ ಹೊತ್ತಿಗೆ ನಮ್ಮ ಹುಡುಗನೊಬ್ಬ ಲಾಗ್ ನೋಡಿ ಒಂದು ಮಾತು ಕೇಳಿದ. "ಅಣ್ಣಾ, 118 ಡಿಗ್ರಿಗೆ ಆಗ 4.3 ಬಾರ್ ಇತ್ತು. ಈಗ 117ಕ್ಕೆ 3.9 ಯಾಕೆ?"

ನಾನು ಮೊದಲು ಕೊಟ್ಟ ಉತ್ತರ: ಎಕ್ಸ್‌ಚೇಂಜರ್ ಸೇರಿಸಿದ್ದೇವೆ, ದಾರಿಯಲ್ಲಿ ಒಂದು ಅಡ್ಡಿ ಹೆಚ್ಚಾಯಿತು, ಅದಕ್ಕೇ. ಕೇಳಲು ಸರಿಯಾಗಿಯೇ ಇತ್ತು. ಆದರೆ ಐಡ್ಲಿಂಗ್ ಪ್ರೆಶರ್ ಕೂಡ 1.4ರಿಂದ 1.1ಕ್ಕೆ ಇಳಿದಿತ್ತು. ಐಡ್ಲಿಂಗ್‌ನಲ್ಲಿ ಹರಿವೇ ಕಡಿಮೆ. ದಾರಿಯ ಅಡ್ಡಿ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆ ಹೊತ್ತಿನಲ್ಲೂ ಪ್ರೆಶರ್ ಕಡಿಮೆ ಎಂದರೆ ಆಯಿಲ್ ಎಲ್ಲೋ ಸಲೀಸಾಗಿ ಸೋರಿಹೋಗುತ್ತಿದೆ. ಅಂಥ ಜಾಗ ಇಂಜಿನ್ನಿನಲ್ಲಿ ಹೆಚ್ಚಿಲ್ಲ. ಬೇರಿಂಗ್.

ಫಿಲ್ಟರ್ ಕತ್ತರಿಸಿದೆವು. ಮಡಿಕೆಗಳ ನಡುವೆ ಸಣ್ಣ ಮಿನುಗು. ಆಯಸ್ಕಾಂತಕ್ಕೆ ಅಂಟಲಿಲ್ಲ, ಅಂದರೆ ಕಬ್ಬಿಣವಲ್ಲ. ಸಂಪ್ ಇಳಿಸಿದಾಗ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಎರಡು ಬೇರಿಂಗ್ ಶೆಲ್‌ಗಳಲ್ಲಿ ಮೇಲಿನ ಬೂದು ಪದರ ಸವೆದು ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಕ್ರ್ಯಾಂಕ್ ಇನ್ನೂ ಚೆನ್ನಾಗಿತ್ತು. ಇನ್ನೆರಡು ಟ್ರ್ಯಾಕ್ ದಿನ ಕಳೆದಿದ್ದರೆ ಆ ಮಾತು ಹೇಳಲಾಗುತ್ತಿರಲಿಲ್ಲ.

ಸವೆತಕ್ಕೆ ಪೆಟ್ರೋಲ್ ಬೆರೆತ ಆಯಿಲ್ಲಿನ ತಿಂಗಳುಗಳು ಎಷ್ಟು ಕಾರಣ, 142 ಡಿಗ್ರಿಯ ಆ ಮೂರು ಲ್ಯಾಪ್ ಎಷ್ಟು ಕಾರಣ? ಬಿಡಿಸಿ ಹೇಳಲಾಗದು. ನನ್ನ ಅಂದಾಜು, ಹಾನಿಯ ಹೆಚ್ಚಿನ ಪಾಲು ಮೊದಲನೆಯದ್ದು. 142 ಕಂಡಾಗ ಅವರು ಕೂಡಲೇ ನಿಧಾನಿಸಿದ್ದರು. 64 ಕಂಡಾಗ ಯಾರೂ ನಿಧಾನಿಸುವುದಿಲ್ಲ, ಕೆಂಪು ದೀಪವೂ ಹೊತ್ತುವುದಿಲ್ಲ.

ಶೆಲ್‌ಗಳನ್ನೆಲ್ಲ ಹೊಸದು ಹಾಕಿದೆವು. ಇನ್ನೂ ಗಟ್ಟಿಯಾದ ಆಯಿಲ್ ಹಾಕೋಣವೇ ಎಂದು ಮಾಲೀಕರು ಕೇಳಿದರು. ಈಗ ತಾಪಮಾನ ಹತೋಟಿಯಲ್ಲಿರುವಾಗ ಕಂಪನಿ ಹೇಳಿದ ದರ್ಜೆ ಬಿಡುವ ಕಾರಣ ನನಗೆ ಕಾಣಲಿಲ್ಲ.

ಕೊನೆಯ ವಾಗ್ವಾದ ಕೂಲರ್ ಬಗ್ಗೆ. ಹಳೆಯದನ್ನು ತೊಳೆದು ಹಾಕೋಣ ಎಂದು ಅವರು. ಎಸೆಯೋಣ ಎಂದು ನಾನು. ಕೂಲರಿನ ಒಳಗೆ ಕಿರಿದಾದ ದಾರಿಗಳು, ಅದರೊಳಗೆ ಆಯಿಲ್ಲನ್ನು ಕಲಕಲು ಸಣ್ಣ ಸಣ್ಣ ಅಡ್ಡೆಲೆಗಳು. ಲೋಹದ ಚೂರು ಅಲ್ಲಿ ಕೂತರೆ ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ. ಸ್ಯಾಂಡ್‌ವಿಚ್ ಪ್ಲೇಟ್ ಇಂಜಿನ್ನಿಂದ ಬಂದ ಆಯಿಲ್ಲನ್ನು ಫಿಲ್ಟರಿಗಿಂತ ಮೊದಲೇ ಕೂಲರಿಗೆ ಕಳಿಸುತ್ತದೆ. ಹಾಗಾಗಿ ಕೂಲರಿಗೆ ಸೋಸದ ಆಯಿಲ್ಲೇ ಹೋಗಿರುತ್ತದೆ. ವಾಪಸ್ ಬರುವಾಗ ಫಿಲ್ಟರ್ ಹಿಡಿಯುತ್ತದಲ್ಲ ಎಂದರೆ, ಹೌದು. ಆದರೆ ತಣ್ಣನೆ ಗಟ್ಟಿ ಆಯಿಲ್ಲಿಗೆ ಫಿಲ್ಟರಿನ ಬೈಪಾಸ್, ಅಂದರೆ ಸೋಸದೆ ದಾಟಿಸುವ ಕವಾಟ, ತೆರೆದುಕೊಳ್ಳುತ್ತದೆ. ಆಗ ಚೂರು ನೇರ ಹೊಸ ಶೆಲ್‌ಗೆ. ಅವರು ಅರೆಮನಸ್ಸಿನಿಂದ ಒಪ್ಪಿದರು. ಆಮೇಲೆ ಹಳೆಯ ಕೂಲರನ್ನು ಅವರೆದುರೇ ಗರಗಸದಲ್ಲಿ ಸೀಳಿದೆವು. ಕೆಳಗಿನ ಮೂಲೆಯಲ್ಲಿ ಮಿನುಗುವ ಕೆಸರು ಕಂಡಾಗ ಅವರು ಮತ್ತೆ ಮಾತಾಡಲಿಲ್ಲ. ಹೋಸ್‌ಗಳನ್ನೂ ಬದಲಿಸಿದೆವು.

ಹೊಸ ಕೂಲರ್ 19 ಸಾಲಿನದು. ಗಾಳಿಕೊಳವೆಗೆ ಅದು ಸರಿಯಾಗಿ ಹೊಂದಿತು. 31 ಡಿಗ್ರಿ ಹವೆಯ ದಿನ ಆಯಿಲ್ 116, ಪ್ರೆಶರ್ 4.4 ಬಾರ್. ರಸ್ತೆಯಲ್ಲಿ 88ರಿಂದ 94. ಆಫೀಸ್ ದೂರ ಚಿಕ್ಕದಾದ್ದರಿಂದ ಆಯಿಲ್ ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸಿದ್ದೇವೆ, ಪ್ರತಿ ಸಲ ಫಿಲ್ಟರ್ ಕತ್ತರಿಸಿ ನೋಡುತ್ತೇವೆ.

ಚಳಿಗಾಲ ಬಂದಾಗ ಅವರು ಫೋನ್ ಮಾಡಿದ್ದರು. "ಮತ್ತೆ ರಟ್ಟು ಇಡಬೇಕಾ?" ಬೇಡ ಸಾರ್, ಆ ಕೆಲಸ ಈಗ ಮೇಣದ್ದು ಎಂದೆ.